ನಮಗೆ ಆಫ್‌ರೋಡ್ ಎಂದರೆ ಮನೆ ದಾರಿ

ಗಾಡಿಯನ್ನು ಸ್ವಲ್ಪ ಎತ್ತರ ಮಾಡಿಸಬೇಕು ಅಂದಾಗ ಗೆಳೆಯರು ಕೇಳಿದ್ದು, ‘ಎಷ್ಟು ಇಂಚು?’ ಅಪ್ಪ ಕೇಳಿದ್ದು, ‘ಎಷ್ಟು ಸಾವಿರ?’ ಗ್ಯಾರೇಜಿನ ಮೇಸ್ತ್ರಿ ಮಾತ್ರ ಕೇಳಿದರು, ‘ಎಂತಕ್ಕೆ?’ ಮೂರರಲ್ಲಿ ಉತ್ತರ ಕೊಡಲು ಹೆಚ್ಚು ಹೊತ್ತು ಹಿಡಿದದ್ದು ಕೊನೆಯ ಪ್ರಶ್ನೆಗೆ. ಆದರೆ ಅದಕ್ಕೆ ಉತ್ತರ ಸಿಕ್ಕ ಮೇಲೆ ಮೊದಲಿನ ಎರಡಕ್ಕೂ ತಾನಾಗಿಯೇ ಉತ್ತರ ಸಿಕ್ಕಿತು. ಹಳೆಯ ಟೂ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡು ರೀಲ್ಸ್ ನೋಡುತ್ತಾ ‘ನಮ್ಮದನ್ನೂ ಲಿಫ್ಟ್ ಮಾಡಿಸಿದರೆ ಹೇಗೆ?’ ಎಂದು ಲೆಕ್ಕ ಹಾಕುತ್ತಿರುವವರು ನನ್ನ ಹಾಗೆ ಇನ್ನೂ ಇರಬಹುದು. ಅವರಿಗಾಗಿ ಈ ಬರಹ.

ನಮ್ಮ ಮನೆ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದ ಕಡೆ. ಡಾಂಬರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಒಳಗೆ. ಬೇಸಿಗೆಯಲ್ಲಿ ಆ ದಾರಿ ಕೆಂಪು ದೂಳು, ಜೂನ್ ಬಂತೆಂದರೆ ಕೆಸರಿನ ಕಾಲುವೆ. ಚಕ್ರ ಹೋಗುವ ಎರಡೂ ಸಾಲನ್ನು ನೀರು ಕೊರೆದು ಆಳ ಮಾಡುತ್ತದೆ. ನಡುವೆ ದಿಣ್ಣೆ ಹಾಗೇ ಉಳಿಯುತ್ತದೆ. ಕಾರು ಬರುವ ಮಾತೇ ಇಲ್ಲ. ಆಟೊದವರು ‘ಮೇನ್ ರೋಡಿಗೆ ನಡೆದು ಬನ್ನಿ’ ಅನ್ನುತ್ತಾರೆ. ಅಜ್ಜಿಗೆ ಎಂಬತ್ತು ದಾಟಿದೆ, ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗಲೇಬೇಕು. ಅವರನ್ನು ಮಳೆಯಲ್ಲಿ ಎರಡೂವರೆ ಕಿಲೋಮೀಟರ್ ನಡೆಸುವುದು ಹೇಗೆ?

ಮನೆಯಲ್ಲಿರುವುದು 2009ರ ಮಾಡೆಲ್ ಬೊಲೆರೊ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಡೈರಿಗೆ ಹಾಲು, ತೋಟಕ್ಕೆ ಗೊಬ್ಬರ, ಕ್ಯೂರಿಂಗಿಗೆ ಕಾಫಿ ಮೂಟೆ, ನೆಂಟರ ಮದುವೆಗೆ ಒಂಬತ್ತು ಜನ – ಎಲ್ಲವನ್ನೂ ಹೊತ್ತಿದೆ. ಫೋರ್ ವೀಲ್ ಡ್ರೈವ್ ಹೊಸ ಗಾಡಿಯ ಬೆಲೆ ಹತ್ತು ಲಕ್ಷ ದಾಟುತ್ತದೆ. ಅದು ನಮ್ಮ ಲೆಕ್ಕದಲ್ಲೇ ಇಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನ ಹತ್ತಿರ ಇದ್ದದ್ದು 40 ಸಾವಿರ ರೂಪಾಯಿ. ಎರಡು ಕಾಫಿ ಸೀಸನ್‌ನಲ್ಲಿ ತೋಟದ ಲೆಕ್ಕ ಬರೆದು, ಮೋಟಾರ್ ರಿಪೇರಿ ಮಾಡಿ ಕೂಡಿಟ್ಟದ್ದು. ಬೆಂಗಳೂರಿಗೆ ಹೋಗಿ ಪರೀಕ್ಷೆಯ ಕೋಚಿಂಗ್ ಸೇರಲು ಎತ್ತಿಟ್ಟ ಹಣ ಅದು. ಹಾಗಾಗಿ ಅದರಲ್ಲಿ ಒಂದು ರೂಪಾಯಿ ತೆಗೆಯುವುದಾದರೂ ‘ಎಂತಕ್ಕೆ’ ಎನ್ನುವುದು ಗೊತ್ತಿರಬೇಕಿತ್ತು.

ಗಾಡಿ ಏಳುತ್ತದೆ, ಹೌಸಿಂಗ್ ಏಳುವುದಿಲ್ಲ

ಮೊದಲ ಪಾಠ ಸಿಕ್ಕಿದ್ದು ಗ್ಯಾರೇಜಿನ ಗುಂಡಿಯಲ್ಲಿ. ಗಾಡಿಯನ್ನು ಮೇಲೆ ನಿಲ್ಲಿಸಿ ಮೇಸ್ತ್ರಿ ನನ್ನನ್ನೂ ಕೆಳಗೆ ಇಳಿಸಿದರು. ಎರಡು ಹಿಂದಿನ ಚಕ್ರಗಳ ನಡುವಿನ ದಪ್ಪ ಹೌಸಿಂಗಿಗೆ ಟಾರ್ಚ್ ಬಿಟ್ಟರು. ಅದರ ಹೊಟ್ಟೆಯ ಮೇಲೆ ಕಲ್ಲು ಉಜ್ಜಿದ ಗೀರುಗಳು ಹೊಳೆಯುತ್ತಿದ್ದವು.

‘ನಿನ್ನ ದಾರಿಯ ದಿಣ್ಣೆಗೆ ತಾಗೋದು ಇದು ಮಾರಾಯ. ಪ್ಲೇಟು ಎತ್ತರ ಮಾಡಿದ್ರೆ ಬಾಡಿ ಮೇಲೆ ಹೋಗ್ತದೆ. ಇದು ಎಲ್ಲಿ ಹೋಗ್ತದೆ?’

ಎಲ್ಲೂ ಹೋಗುವುದಿಲ್ಲ. ಇಡೀ ವಿಷಯದ ತಿರುಳೇ ಇದು. ಬೊಲೆರೊದಂಥ ಗಾಡಿಯ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಅದರ ಎರಡು ತುದಿಗೆ ಚಕ್ರ, ನಡುವೆ ಡಿಫರೆನ್ಷಿಯಲ್. ಅದರ ಮೇಲೆ ಲೀಫ್ ಸ್ಪ್ರಿಂಗ್, ಅದರ ಮೇಲೆ ಚಾಸಿ. ಸ್ಪ್ರಿಂಗನ್ನು ಎಷ್ಟೇ ಎತ್ತರ ಮಾಡಿ, ಮೇಲೇರುವುದು ಚಾಸಿಯೂ ಬಾಡಿಯೂ ಮಾತ್ರ. ಹೌಸಿಂಗ್ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂದು ನಿರ್ಧರಿಸುವುದು ಟೈರು ಒಂದೇ.

ಟೈರಿನ ಲೆಕ್ಕ ಯಾರು ಬೇಕಾದರೂ ಮಾಡಬಹುದು. ನಮ್ಮ ಗಾಡಿಯದು 215/75 ಆರ್15. ಅಂದರೆ ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75, ರಿಮ್ಮಿನ ವ್ಯಾಸ 15 ಇಂಚು. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಆಗುತ್ತದೆ. ಇದರ ಬದಲು 235/75 ಆರ್15 ಹಾಕಿದರೆ ಸುಮಾರು 733 ಮಿ.ಮೀ. ವ್ಯತ್ಯಾಸ 30 ಮಿ.ಮೀ., ಆದರೆ ಹೌಸಿಂಗ್ ಏರುವುದು ಅದರ ಅರ್ಧ, 15 ಮಿ.ಮೀ. ಮಾತ್ರ. ಆ ಒಂದೂವರೆ ಸೆಂಟಿಮೀಟರಿಗೆ ನಾವು ತೆರುವ ಬೆಲೆಯೂ ಇದೆ. ಸ್ಪೀಡೊಮೀಟರ್ 60 ತೋರಿಸುವಾಗ ಗಾಡಿ 62ಕ್ಕೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಚಕ್ರ ದೊಡ್ಡದಾದಷ್ಟೂ ಏರಿನಲ್ಲಿ ಎಳೆತ ಕಡಿಮೆ. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಾಧ್ಯತೆ ಬೇರೆ.

ಹಾಗಾದರೆ ಸಸ್ಪೆನ್ಷನ್ ಎತ್ತರಿಸುವುದರಿಂದ ಲಾಭವೇ ಇಲ್ಲವೇ? ಇದೆ. ಡೀಸೆಲ್ ಟ್ಯಾಂಕು, ಸೈಲೆನ್ಸರ್, ಫುಟ್‌ಬೋರ್ಡು, ಬಂಪರಿನ ಅಂಚು ಇವೆಲ್ಲ ನೆಲದಿಂದ ದೂರವಾಗುತ್ತವೆ. ಮುಂದಿನ ಚಕ್ರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬೇರೆಬೇರೆಯಾಗಿ ಕುಣಿಯುವಂಥವು, ಆದ್ದರಿಂದ ಅಲ್ಲಿ ಸ್ಪ್ರಿಂಗ್ ಎತ್ತರವಾದರೆ ಎಂಜಿನ್ ಕೆಳಗಿನ ಅಡ್ಡಪಟ್ಟಿಯೂ ಏರುತ್ತದೆ. ಏರು ಹತ್ತುವಾಗ ಮೂತಿ, ಇಳಿಯುವಾಗ ಬಾಲ ನೆಲಕ್ಕೆ ತಾಗುವುದು ಕಡಿಮೆ. ಆದರೆ ‘ಮೂರು ಇಂಚು ಎತ್ತಿದೆ, ಇನ್ನು ಯಾವ ಬಂಡೆಯೂ ತಾಗದು’ ಎನ್ನುವ ಮಾತನ್ನು ಹಿಂದಿನ ಹೌಸಿಂಗ್ ನಂಬುವುದಿಲ್ಲ.

ಕಳೆದುಹೋದ ಎತ್ತರ

ಮೇಸ್ತ್ರಿ ಹೇಳಿಕೊಟ್ಟ ಎರಡನೇ ವಿಷಯಕ್ಕೆ ಬೇಕಾದದ್ದು ಒಂದು ಅಳತೆ ಟೇಪು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರು ಸವೆದದ್ದು, ಗಾಳಿ ಕಡಿಮೆ ಇರುವುದು ಎಲ್ಲ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಚಕ್ರದ ನಡುವಿನಿಂದ ಅಳೆದರೆ ಸ್ಪ್ರಿಂಗಿನ ಸ್ಥಿತಿ ಮಾತ್ರ ತಿಳಿಯುತ್ತದೆ. ನಾಲ್ಕೂ ಚಕ್ರದ ಅಳತೆ ಬರೆದುಕೊಂಡೆ. ಪಕ್ಕದ ಎಸ್ಟೇಟಿನ ರೈಟರ್ ಹತ್ತಿರ ಕಡಿಮೆ ಓಡಿದ ಅದೇ ಜಾತಿಯ ಗಾಡಿ ಇತ್ತು. ಅವರನ್ನು ಕೇಳಿ ಅದನ್ನೂ ಅಳೆದೆ.

ನಮ್ಮ ಗಾಡಿ ಹಿಂದೆ ಡ್ರೈವರ್ ಕಡೆ 38 ಮಿ.ಮೀ., ಇನ್ನೊಂದು ಕಡೆ 30 ಮಿ.ಮೀ. ಕೆಳಗೆ ಕೂತಿತ್ತು. ಮುಂದೆ 20 ಮಿ.ಮೀ. ಇಷ್ಟು ವರ್ಷ ಗೊಬ್ಬರ, ಮೂಟೆ ಹೊತ್ತ ಸ್ಪ್ರಿಂಗ್ ಮನುಷ್ಯರ ಬೆನ್ನಿನ ಹಾಗೇ ಬಾಗುತ್ತದೆ. ಅಂದರೆ ಅಂಗಡಿಯಲ್ಲಿ ಹಣ ಕೊಟ್ಟು ತರಬೇಕೆಂದಿದ್ದ ಒಂದೂವರೆ ಇಂಚು ಎತ್ತರ ಮೊದಲು ನಮ್ಮ ಗಾಡಿಯಲ್ಲೇ ಇತ್ತು! ಹೊಸದಾಗಿ ಎತ್ತರ ಮಾಡಿಸುವ ಮೊದಲು ಕಳೆದುಕೊಂಡ ಎತ್ತರವನ್ನು ವಾಪಸ್ ತರುವುದು ಜಾಣತನ. ಕಂಪನಿ ಕೊಟ್ಟ ಅಳತೆಯ ಸ್ಪ್ರಿಂಗನ್ನೇ ಹೊಸದು ಹಾಕಿದರೆ ಅದು ಮಾರ್ಪಾಡು ಅಲ್ಲ, ರಿಪೇರಿ. ಈ ಎರಡು ಪದಗಳ ನಡುವಿನ ದೂರ ಎಷ್ಟೆಂದು ಮುಂದೆ ಹೇಳುತ್ತೇನೆ.

ಅಗ್ಗದ ದಾರಿಗಳು, ಅವುಗಳ ಬೆಲೆ

ಕಡಿಮೆ ಖರ್ಚಿನಲ್ಲಿ ಗಾಡಿ ಎತ್ತುವ ಉಪಾಯಗಳು ಹಲವು. ಒಂದೊಂದನ್ನೂ ಮೇಸ್ತ್ರಿಯ ಮುಂದಿಟ್ಟೆ. ಮನೆಗೆ ಬಂದು ಡಿಪ್ಲೊಮಾದ ಪುಸ್ತಕ ತೆರೆದು ಮತ್ತೆ ನೋಡಿದೆ.

ಉದ್ದದ ಶಾಕಲ್: ಲೀಫ್ ಸ್ಪ್ರಿಂಗಿನ ಹಿಂತುದಿ ಚಾಸಿಗೆ ತೂಗುವ ಕೊಂಡಿ ಇದು. ಎರಡು ಇಂಚು ಉದ್ದದ್ದು ಹಾಕಿದರೆ ಗಾಡಿ ಏರುವುದು ಸುಮಾರು ಒಂದೇ ಇಂಚು, ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಸರಿಯುತ್ತದೆ, ಆಕ್ಸಲ್ ನಡುವೆ ಇದೆ. ಜೊತೆಗೆ ಆಕ್ಸಲ್ ಸ್ವಲ್ಪ ತಿರುಗಿಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಕ್ರಾಸ್ ಜಾಯಿಂಟ್ ಅದುರಲು, ಬೇಗ ಸವೆಯಲು ಇದೇ ಸಾಕು.

ಪ್ಲೇಟಿಗೆ ಬಡಿದು ಕಮಾನು ಕೊಡಿಸುವುದು: ತುಂಬಾ ಅಗ್ಗ. ಆದರೆ ದಣಿದ ಉಕ್ಕನ್ನು ಬಡಿದು ಬಗ್ಗಿಸಿದ ಮಾತ್ರಕ್ಕೆ ಅದು ಹೊಸದಾಗುವುದಿಲ್ಲ. ಸರಿಯಾಗಿ ಕಾಯಿಸಿ ಹದ ಮಾಡದಿದ್ದರೆ ಬೇಗ ಮತ್ತೆ ಕೂರುತ್ತದೆ. ನಮ್ಮ ಗಾಡಿಯ ಸೆಟ್ ಬಿಚ್ಚಿದಾಗ ಮೂರನೇ ಪ್ಲೇಟಿನಲ್ಲಿ ಕೂದಲೆಳೆಯ ಬಿರುಕು ಕಂಡಿತು. ಅದನ್ನು ಬಡಿಸುವ ಮಾತು ಅಲ್ಲಿಗೇ ಮುಗಿಯಿತು.

ಕಾಯಿಲ್ ನಡುವೆ ರಬ್ಬರ್: ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಒಂದಿಷ್ಟು ಎತ್ತರ ಬರುವುದೇನೋ ನಿಜ. ಆದರೆ ಆ ಸುತ್ತು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಭಾರವೆಲ್ಲ ಉಳಿದ ಸುತ್ತುಗಳಿಗೆ. ಚಕ್ರ ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆ. ಕೊರಕಲಿನ ದಾರಿಯಲ್ಲಿ ನಮಗೆ ಬೇಕಾದದ್ದು ಚಕ್ರ ನೆಲ ಬಿಡದಂತೆ ಚೆನ್ನಾಗಿ ಆಡುವುದು. ರಬ್ಬರ್ ಮಾಡುವುದು ಅದಕ್ಕೆ ತದ್ವಿರುದ್ಧ.

ಮುಂದೆ ಸ್ಪೇಸರ್: ಸ್ಪ್ರಿಂಗ್ ಕೂರುವುದು ಆರ್ಮಿನ ನಡುಭಾಗದಲ್ಲಿ. ಹಾಗಾಗಿ ಸ್ಪೇಸರಿನ ದಪ್ಪಕ್ಕಿಂತ ಹೆಚ್ಚು ಎತ್ತರ ಚಕ್ರದ ಬಳಿ ಸಿಗುತ್ತದೆ. ಕೇಳಲು ಚೆಂದ. ಆದರೆ ಆರ್ಮುಗಳು ಅಷ್ಟೇ ಕೆಳಗೆ ವಾಲುತ್ತವೆ, ಬಾಲ್ ಜಾಯಿಂಟಿನ ಮೇಲೆ ಒತ್ತಡ ಬೀಳುತ್ತದೆ, ಚಕ್ರದ ಓರೆ ಬದಲಾಗಿ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಕಬ್ಬಿಣದ ಬ್ಲಾಕು, ಅದಕ್ಕೆ ಉದ್ದದ ಯು ಬೋಲ್ಟ್: ಈ ಉಪಾಯ ಎತ್ತಿದಾಗ ಮೇಸ್ತ್ರಿ ಉತ್ತರವನ್ನೇ ಕೊಡಲಿಲ್ಲ, ಚಹಾ ತರಲು ಹೇಳಿದರು. ಬ್ರೇಕ್ ಒತ್ತಿದಾಗ ಆ ಬ್ಲಾಕು ಸನ್ನೆಕೋಲಿನಂತೆ ಸ್ಪ್ರಿಂಗನ್ನು ತಿರುಚುತ್ತದೆ.

ಇವೆಲ್ಲದರ ಜೊತೆ ಎಲ್ಲಕ್ಕೂ ಅನ್ವಯಿಸುವ ಮಾತೊಂದಿದೆ. ಗಾಡಿ ಎತ್ತರವಾದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ. ಅದು ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದ್ದು 75ಕ್ಕೆ ಏರಿತು ಅಂದುಕೊಳ್ಳಿ. ಪಕ್ಕಕ್ಕೆ ಉರುಳದೆ ತಡೆಯುವ ಶಕ್ತಿ ಸುಮಾರು ಶೇ 7ರಷ್ಟು ಕಡಿಮೆಯಾಯಿತು. ರೀಲ್ಸ್‌ನಲ್ಲಿ ಇದು ಕಾಣುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಒಳಗೆ ಅಜ್ಜಿ ಕೂತಿರುವಾಗ, ಇದು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೇ ಎನ್ನುವುದನ್ನೂ ನೋಡಬೇಕು. ಕೆಲವು ಗಾಡಿಗಳಲ್ಲಿ ಹಿಂದಿನ ಭಾರಕ್ಕೆ ತಕ್ಕಂತೆ ಬ್ರೇಕಿನ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಬಾಡಿ ಎತ್ತರವಾದರೆ ಅದು ‘ಗಾಡಿ ಖಾಲಿ ಇದೆ’ ಎಂದೇ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡಿಬಿಡುತ್ತದೆ.

ಕಾನೂನು ಏನು ಹೇಳುತ್ತದೆ?

ಈ ಭಾಗವನ್ನು ದಾಟಿ ಓದಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿ ಮಾಡಿದ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎನ್ನುತ್ತದೆ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ತಪಾಸಣೆಗೆ ಒಯ್ಯಬೇಕು, ಆಮೇಲೆ ಐದು ವರ್ಷಕ್ಕೊಮ್ಮೆ. ಇನ್ನು ವಿಮೆ. ತಿಳಿಸದೆ ಮಾಡಿಸಿದ ಮಾರ್ಪಾಡು ಇದ್ದರೆ ಅಪಘಾತದ ಹೊತ್ತಿನಲ್ಲಿ ಕ್ಲೇಮಿಗೆ ತಕರಾರು ಬರಬಹುದು. ಕೆಲಸ ಹುಡುಕುವ ವಯಸ್ಸಿನಲ್ಲಿ ನಮ್ಮ ಹೆಸರಿನಲ್ಲಿ ಇಂಥದ್ದೊಂದು ಕೇಸು ಯಾಕೆ ಬೇಕು ಹೇಳಿ?

ರಿಪೇರಿಗೂ ಮಾರ್ಪಾಡಿಗೂ ನಡುವಿನ ದೂರ ಅಂದೆನಲ್ಲ, ಅದು ಇದೇ.

ಹಣ ಹೋದದ್ದು ಎಲ್ಲಿಗೆ?

ಪೇಟೆಯ ಅಂಗಡಿಯೊಂದರಲ್ಲಿ ಎರಡು ಇಂಚಿನ ಕಿಟ್‌ಗೆ ಹೇಳಿದ್ದು 80 ಸಾವಿರ. ನಾವು ಮಾಡಿಸಿದ್ದು ಹೀಗೆ: ಕಂಪನಿ ಅಳತೆಯ ಹೊಸ ಲೀಫ್ ಸ್ಪ್ರಿಂಗ್ ಎರಡೂ ಕಡೆಗೆ 9,600 ರೂಪಾಯಿ. ಮುಂದಿನ ಕಾಯಿಲ್ ಜೋಡಿ 3,800. ನಾಲ್ಕು ಶಾಕ್ ಅಬ್ಸಾರ್ಬರ್ 6,800. ಬುಷ್‌ಗಳು 1,900. ಕೂಲಿ 3,000. ಕೊನೆಗೆ ವೀಲ್ ಅಲೈನ್‌ಮೆಂಟ್ 700. ಒಟ್ಟು 25,800 ರೂಪಾಯಿ. ಬಿಚ್ಚುವ ಕೆಲಸದಲ್ಲಿ ನಾನೂ ಎರಡು ದಿನ ಕೈಜೋಡಿಸಿದ್ದರಿಂದ ಕೂಲಿ ಕಡಿಮೆಯಾಯಿತು. ತುಕ್ಕು ಹಿಡಿದ ಯು ಬೋಲ್ಟ್ ಬಿಚ್ಚುವುದು ಹೇಗೆಂದು ಯಾವ ಲ್ಯಾಬಿನಲ್ಲೂ ಇಷ್ಟು ಚೆನ್ನಾಗಿ ಕಲಿತಿರಲಿಲ್ಲ.

ಹಿಂದಿನ ಎರಡು ಟೈರಿನ ಹಣ, 14 ಸಾವಿರ, ಅಪ್ಪ ಕೊಟ್ಟರು. ಅದೇ ಅಳತೆ, ಆದರೆ ಕೆಸರಿಗೆ ಹಿಡಿತ ಕೊಡುವ ಆಳದ ಕಚ್ಚುಗಳದ್ದು. ಹಳೆಯ ಟೈರು ಪೂರ್ತಿ ಸವೆದಿದ್ದರಿಂದ ಹೊಸದು ಬಂದಾಗ ಹೌಸಿಂಗ್ ಏಳು ಮಿ.ಮೀ. ಏರಿತು. ನಮ್ಮ ಹಿಂದಿನ ಆಕ್ಸಲಿಗೆ ಸಿಕ್ಕ ನಿಜವಾದ ‘ಲಿಫ್ಟ್’ ಇಷ್ಟೇ: ಏಳು ಮಿ.ಮೀ.! ಆದರೆ ಫುಟ್‌ಬೋರ್ಡು ಕಲ್ಲಿಗೆ ಬಡಿಯುವುದು ನಿಂತಿತು. ಗುಂಡಿಗೆ ಇಳಿದಾಗ ಹಿಂದೆ ಬರುತ್ತಿದ್ದ ‘ಧಡ್’ ಸದ್ದು ಹೋಯಿತು. ಮುಖ್ಯವಾಗಿ, ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಾ ನಿಲ್ಲುವುದು ಕಡಿಮೆಯಾಯಿತು. ಟೂ ವೀಲ್ ಡ್ರೈವ್ ಗಾಡಿಗೆ ಇದು ದೊಡ್ಡ ಲಾಭ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಹಿಂಚಕ್ರ ನೆಲ ಬಿಟ್ಟರೆ ಶಕ್ತಿಯೆಲ್ಲ ಅಲ್ಲೇ ವ್ಯರ್ಥವಾಗುತ್ತದೆ, ನೆಲದಲ್ಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ.

ಹಣವಿಲ್ಲದ ಲಿಫ್ಟ್

ಉಳಿದದ್ದು ದಾರಿ ನಡುವಿನ ದಿಣ್ಣೆ. ಅದಕ್ಕೆ ಗಾಡಿಯಲ್ಲಿ ಪರಿಹಾರ ಇಲ್ಲವೆಂದು ಲೆಕ್ಕವೇ ಹೇಳಿತ್ತಲ್ಲ. ಪರಿಹಾರ ಸಿಕ್ಕಿದ್ದು ಗುದ್ದಲಿಯಲ್ಲಿ ಮತ್ತು ಸ್ಟೀರಿಂಗಿನಲ್ಲಿ.

ಮೇ ತಿಂಗಳ ಎರಡು ಭಾನುವಾರ ದಾರಿಯುದ್ದಕ್ಕಿರುವ ನಾಲ್ಕು ಮನೆಯವರು ಸೇರಿದೆವು. ಅತಿ ಎತ್ತರದ ಕಡೆ ದಿಣ್ಣೆ ಕಡಿದು, ಆ ಮಣ್ಣು ಮತ್ತು ಕಲ್ಲನ್ನು ಚಕ್ರದ ಸಾಲಿಗೆ ತುಂಬಿದೆವು. ನೀರು ದಾರಿಯುದ್ದಕ್ಕೂ ಹರಿಯದೆ ಪಕ್ಕಕ್ಕೆ ಹೋಗಲು ಅಲ್ಲಲ್ಲಿ ಓರೆಯಾಗಿ ಕಣಿ ತೆಗೆದೆವು. ನೀರನ್ನು ಹೊರಗೆ ಹಾಕದಿದ್ದರೆ ತುಂಬಿದ ಕಲ್ಲು ಒಂದೇ ಮಳೆಗೆ ಹೋಗುತ್ತದೆ ಎನ್ನುವುದು ಅಪ್ಪನ ತಲೆಮಾರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಿಣ್ಣೆ ಉಳಿದ ಕಡೆ ಸಾಲು ಬಿಟ್ಟು ಓಡಿಸುತ್ತೇವೆ: ಒಂದು ಚಕ್ರ ದಿಣ್ಣೆಯ ಮೇಲೆ, ಇನ್ನೊಂದು ದಾರಿಯ ಅಂಚಿನ ಮೇಲೆ. ಆಗ ಕೊರಕಲು ಗಾಡಿಯ ಹೊಟ್ಟೆಯ ಕೆಳಗೆ ಉಳಿಯುತ್ತದೆ. ಹೌಸಿಂಗನ್ನು ಎತ್ತಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಅಂಚು ಕುಸಿಯುವಂತಿದೆಯೇ ಎಂದು ಮೊದಲು ಇಳಿದು ನೋಡಬೇಕು, ಅಷ್ಟೇ.

ಕೆಸರು ಹೆಚ್ಚಿದ್ದರೆ ಹಿಂದಿನ ಟೈರಿನ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸುತ್ತೇವೆ. ಟೈರು ಅಗಲವಾಗಿ ಕೂತು ಹಿಡಿತ ಸಿಗುತ್ತದೆ. ಡಾಂಬರಿಗೆ ಬಂದ ಕೂಡಲೇ ಕಾಲುಪಂಪಿನಲ್ಲಿ ಮತ್ತೆ ತುಂಬಿಸಬೇಕು. ಗಾಡಿ ಖಾಲಿ ಇದ್ದರೆ ಹಿಂದೆ ಎರಡು ಮರಳು ಚೀಲ ಕಟ್ಟಿಹಾಕುತ್ತೇವೆ, ಎಳೆಯುವ ಚಕ್ರದ ಮೇಲೆ ಭಾರ ಬೀಳಲಿ ಎಂದು. ತೀರಾ ಜಾರುವ ದಿನ ನಮ್ಮ ಕಡೆಯ ಜೀಪಿನವರು ಹಿಂದಿನಿಂದಲೂ ಮಾಡುವ ಹಾಗೆ ಚಕ್ರಕ್ಕೆ ಚೈನು ಕಟ್ಟುತ್ತೇವೆ. ಒಂದು ಚಕ್ರ ಮಾತ್ರ ತಿರುಗತೊಡಗಿದರೆ ಹ್ಯಾಂಡ್‌ಬ್ರೇಕನ್ನು ಎರಡು ಕಟಕಟೆ ಎಳೆದು ಮೆಲ್ಲಗೆ ಆ್ಯಕ್ಸಿಲರೇಟರ್ ಕೊಟ್ಟರೆ ಇನ್ನೊಂದಕ್ಕೂ ಸ್ವಲ್ಪ ಶಕ್ತಿ ಹೋಗುತ್ತದೆ. ಇಷ್ಟೆಲ್ಲ ಮಾಡಿಯೂ ಹಳ್ಳ ತುಂಬಿ ಹರಿಯುವ ದಿನ ಹೊರಡುವುದೇ ಇಲ್ಲ. ಟೂ ವೀಲ್ ಡ್ರೈವ್ ಗಾಡಿಯ ಮಿತಿ ಅದು, ಅದನ್ನು ಒಪ್ಪಿಕೊಳ್ಳಬೇಕು.

ಇದರಿಂದ ಕೆಲಸ ಸಿಕ್ಕಿತೇ ಎಂದು ಕೇಳಿದರೆ, ಇನ್ನೂ ಇಲ್ಲ. ಆದರೆ ಇತ್ತೀಚೆಗೆ ಹೋಗಿದ್ದ ಸಂದರ್ಶನದಲ್ಲಿ ‘ನೀವೇ ಕೈಯಾರೆ ಮಾಡಿದ ಒಂದು ಕೆಲಸ ಹೇಳಿ’ ಅಂದಾಗ ಕಾಲೇಜಿನ ಪ್ರಾಜೆಕ್ಟ್ ನೆನಪಿಗೆ ಬರಲಿಲ್ಲ. ಹಾಳೆ ಕೇಳಿ ಪಡೆದು ಆಕ್ಸಲ್, ಸ್ಪ್ರಿಂಗ್, ಟೈರು ಬರೆದು, ಯಾವುದು ಏರುತ್ತದೆ, ಯಾವುದು ಏರುವುದಿಲ್ಲ ಎಂದು ವಿವರಿಸಿದೆ. ಇಪ್ಪತ್ತು ನಿಮಿಷ ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ಕೋಚಿಂಗಿಗೆ ಇಟ್ಟ ಹಣದಲ್ಲಿ 14,200 ರೂಪಾಯಿ ಉಳಿದಿದೆ. ಈ ಕಾಫಿ ಸೀಸನ್ ಮುಗಿದರೆ ಮತ್ತೆ ತುಂಬುತ್ತದೆ.

ಕಳೆದ ಮಳೆಗಾಲದಲ್ಲಿ ಅಜ್ಜಿಯ ಎಂಟು ಸಲದ ಆಸ್ಪತ್ರೆಯಲ್ಲಿ ಏಳು ಸಲ ಗಾಡಿ ಮನೆ ಬಾಗಿಲಿನಿಂದಲೇ ಹೊರಟಿತು. ಒಂದು ಸಲ ಹಳ್ಳ ಬಿಡಲಿಲ್ಲ, ಮಾರನೆಯ ದಿನ ಹೋದೆವು. ನೀವೂ ಗಾಡಿ ಎತ್ತರ ಮಾಡಿಸಬೇಕೆಂದಿದ್ದರೆ ನಾಳೆ ಬೆಳಿಗ್ಗೆ ಒಂದು ಟೇಪು ಹಿಡಿದು ನಾಲ್ಕೂ ಚಕ್ರದ ಅಳತೆ ಬರೆದುಕೊಳ್ಳಿ. ಅಂಗಡಿಗೆ ಹೋಗುವುದು ಆಮೇಲೆ.